‘ಅಕ್ಕಿ’ಯನ್ನು ‘ಅಕಿಕ’ ಎಂದು ಓದುವ ಮಗನಿಗೆ ಮನೆಯಲ್ಲಿ ಏನು ಮಾಡಬೇಕು?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲಾ ಶಹಾಪುರ ತಾಲ್ಲೂಕಿನ ಒಂದು ಹಳ್ಳಿರಿ. ಮಗ ಸರ್ಕಾರಿ ಸಾಲ್ಯಾಗ 5ನೇತ್ತ ಅದಾನ, ಮಗಳು 1ನೇತ್ತ. ಅಂವ 2ನೇತ್ತ ಇದ್ದಾಗ ದುಡಿಲಾಕಂತ ಪುಣೆಕ್ಕ ಹೋಗಿದ್ವಿ, ಎಂಟು ತಿಂಗಳು ಸಾಲಿ ತಪ್ತು. ಲೆಕ್ಕದಾಗ ಚಲೋ ಅದಾನ, ಕಿರಾಣಿ ಲೆಕ್ಕ ಬಾಯಿಲೆ ಹೇಳ್ತಾನ. ಕನ್ನಡ ಪುಸ್ತಕ ತಗಿ ಅಂದ್ರ ಮಾರಿ ಸಣ್ಣದು ಮಾಡ್ತಾನ. ‘ಅಕ್ಕಿ’ ಇದ್ದಲ್ಲಿ ‘ಅಕಿಕ’ ಅಂತಾನ, ‘ಮನೆ’ ಇದ್ದಲ್ಲಿ ‘ಮನಿ’ ಅಂತ ಓದ್ತಾನ. ಬರಿ ಅಂದ್ರ ‘ನಾನು ಶಾಲೆಗೆ ಹೋದನು’ ಅಂತ ಬರೀತಾನ. ಟ್ಯೂಷನ್ ಸರ್ ದಿನಾ ಹತ್ತು ಸಲ ವರ್ಣಮಾಲಿ, ಕಾಗುಣಿತ ಬರಸ್ತಾರ. ಒಂದು ವರ್ಷ ಆತು, ಫರಕ ಕಾಣವಲ್ದು. ಅವರಪ್ಪ ಸಿಟ್ಟಿಗೆದ್ದು ಹೊಡೀತಾರ. ಒಬ್ಬರು ಇದು ಡಿಸ್ಲೆಕ್ಸಿಯಾ ಇರಬೇಕು ಅಂತಾರ, ಇನ್ನೊಬ್ಬರು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕ್ರಿ ಅಂತಾರ. ನಾನು 7ನೇತ್ತ ತನಕ ಓದೀನಿ. ಮನ್ಯಾಗ ನಾನೇ ಹೇಳಿಕೊಟ್ರ ಆಗ್ತದೇನ್ರಿ?

ಉತ್ತರ: ಆಗುತ್ತದೆ ತಾಯಿ. ನೀವು ಓದಿದ 7ನೇ ತರಗತಿ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ನಿಮ್ಮ ಪತ್ರದಲ್ಲಿ ಮಗನ ಮೂರು ತಪ್ಪುಗಳನ್ನು ಬರೆದಿದ್ದೀರಿ: ಅಕಿಕ, ಮನಿ, ನಾನು ಹೋದನು. ‘ಕನ್ನಡ ಬರಲ್ಲ’ ಎಂದು ಮೂರನ್ನೂ ಒಂದೇ ಗಂಟು ಕಟ್ಟಿದ್ದರಿಂದಲೇ ಒಂದು ವರ್ಷದ ಟ್ಯೂಷನ್ ನೀರಿನಲ್ಲಿ ಹೋಯಿತು. ಈ ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ. ಒಂದಂತೂ ತಪ್ಪೇ ಅಲ್ಲ. ಅದನ್ನೇ ಮೊದಲು ತೆಗೆದುಕೊಳ್ಳೋಣ.

‘ಮನಿ’ ಎಂದರೆ ಅವನು ಓದಿದ್ದಾನೆ

ನಮ್ಮ ಭಾಗದಲ್ಲಿ ಮನೆ ಮನಿಯಾಗುತ್ತದೆ, ಆನೆ ಆನಿಯಾಗುತ್ತದೆ, ಕೆರೆ ಕೆರಿಯಾಗುತ್ತದೆ. ಪದದ ಕೊನೆಯ ‘ಎ’ ಬಾಯಲ್ಲಿ ‘ಇ’ ಆಗುವುದು ಈ ಸೀಮೆಯ ಮಾತಿನ ನಿಯಮ. ಹುಡುಗ ‘ಮನೆ’ ಎಂಬ ಅಕ್ಷರಗಳನ್ನು ನೋಡಿದ, ಅರ್ಥ ಹಿಡಿದ, ತನ್ನ ಮಾತಿನಲ್ಲಿ ಹೇಳಿದ. ಓದು ಎಂದರೆ ಅಷ್ಟೇ. ಅಲ್ಲಿ ತಡೆದು ‘ಮನೆ ಅನ್ನು’ ಎಂದು ಮೂರು ಸಲ ಹೇಳಿಸಿದರೆ ಅವನಿಗೆ ತಿಳಿಯುವುದು ಒಂದೇ: ಸರಿಯಾಗಿ ಓದಿದರೂ ಬೈಗುಳ ತಪ್ಪುವುದಿಲ್ಲ.

ಆದರೆ ಇದು ನಿಜಕ್ಕೂ ಮಾತಿನ ರೂಢಿಯೋ, ಗುಣಿತಾಕ್ಷರವೇ ಬಾರದ್ದೋ ಎಂದು ಒಮ್ಮೆ ಪರೀಕ್ಷಿಸಿ ನೋಡಬೇಕು. ‘ಕೆರೆ’ ಎಂದು ಬರೆದು ತೋರಿಸಿ. ‘ಕೆರಿ’ ಎಂದರೆ ಚಿಂತೆಯಿಲ್ಲ. ಮೊದಲ ಅಕ್ಷರದ ಎತ್ವವನ್ನು, ಅಂದರೆ ‘ಎ’ ಸ್ವರದ ಗುರುತನ್ನು, ಸರಿಯಾಗಿ ಓದಿದ್ದಾನೆ, ಕೊನೆಯದನ್ನಷ್ಟೇ ಮನೆಮಾತಿಗೆ ತಿರುಗಿಸಿದ್ದಾನೆ. ‘ಕಿರಿ’ ಅಥವಾ ‘ಕರ’ ಎಂದರೆ ಎತ್ವ ಎಂಬ ಗುರುತೇ ಅವನಿಗೆ ಗೊತ್ತಿಲ್ಲ, ಅದನ್ನು ಕಲಿಸಬೇಕು.

ಓದುವಾಗ ‘ಮನಿ’ಯನ್ನು ಹಾಗೇ ಬಿಟ್ಟುಬಿಡಿ. ಬರೆಯುವಾಗ ಮಾತ್ರ ಬಿಡುವಂತಿಲ್ಲ, ಪರೀಕ್ಷೆಯಲ್ಲಿ ಅದಕ್ಕೆ ಅಂಕ ಕಳೆಯುತ್ತಾರೆ. ಒಂದು ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಕ್ಕೆ ‘ನಮ್ಮ ಮಾತು’, ಬಲಕ್ಕೆ ‘ಪುಸ್ತಕದ ಮಾತು’ ಎಂದು ಬರೆಯಿರಿ. ಮನ್ಯಾಗ ಎಂಬುದರ ಎದುರು ಮನೆಯಲ್ಲಿ, ಹೋಗ್ಯಾನ ಎದುರು ಹೋಗಿದ್ದಾನೆ, ಓದ್ಲಾಕತ್ತಾನ ಎದುರು ಓದುತ್ತಿದ್ದಾನೆ, ಅದ ಎದುರು ಇದೆ. ದಿನಕ್ಕೆ ಎರಡೇ ಜೋಡಿ, ಅದೂ ಅವತ್ತು ಅವನೇ ಆಡಿದ ಮಾತಿನಿಂದ ಎತ್ತಿಕೊಂಡದ್ದು. ಎಡಗಡೆಯದನ್ನು ‘ತಪ್ಪು’ ಎಂದು ಕರೆಯಬೇಡಿ. ಅವನ ಅವ್ವ, ಮುತ್ಯಾ ಆಡುವ ಮಾತನ್ನು ತಪ್ಪು ಎಂದಮೇಲೆ ಬಲಗಡೆಯದನ್ನು ಅವನು ಯಾಕೆ ಇಷ್ಟಪಡಬೇಕು?

‘ಅಕಿಕ’ ಎಲ್ಲಿಂದ ಬಂತು

ಒಂದು ಚೀಟಿಯಲ್ಲಿ ‘ಅಕ್ಕಿ’ ಎಂದು ದೊಡ್ಡದಾಗಿ ಬರೆದು, ಕನ್ನಡ ಗೊತ್ತಿಲ್ಲದವರ ಕಣ್ಣಿನಿಂದ ನೋಡಿ. ಮೊದಲು ಅ. ಆಮೇಲೆ ಮೇಲ್ಗಡೆ ಗುಡಿಸು ಸಹಿತ ‘ಕಿ’. ಅದರ ಕೆಳಗೆ ಸಣ್ಣದಾಗಿ ‘ಕ’ ಒತ್ತು. ಮೇಲಿನಿಂದ ಕೆಳಕ್ಕೆ ಕಂಡದ್ದನ್ನು ಕಂಡ ಹಾಗೆ ಓದಿದರೆ ಅ-ಕಿ-ಕ. ನಿಮ್ಮ ಮಗ ಒಂದು ಗುರುತನ್ನೂ ಬಿಟ್ಟಿಲ್ಲ, ಹೊಸದೊಂದನ್ನು ಸೇರಿಸಿಯೂ ಇಲ್ಲ. ಬರೆಯುವ ಕ್ರಮ ಬೇರೆ, ಉಚ್ಚರಿಸುವ ಕ್ರಮ ಬೇರೆ ಎಂಬ ಒಂದು ಸಂಗತಿಯನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಮೇಲೆ ಕಾಣುವ ಗುಡಿಸು ಸೇರಬೇಕಾದದ್ದು ಕೆಳಗಿನ ಒತ್ತಿಗೆ. ಮೇಲಿನ ‘ಕ’ ಅರ್ಧ ಮಾತ್ರ.

ಅರ್ಕಾವೊತ್ತು ಇನ್ನೂ ಮೋಸಗಾರ. ‘ಜೇವರ್ಗಿ’ ಎಂದು ಬರೆಯುವಾಗ ‘ಗಿ’ ಬರೆದ ಮೇಲೆ ಅದರ ಬಲಕ್ಕೆ ರಕಾರದ ಗುರುತು ಬರುತ್ತದೆ, ಬಾಯಲ್ಲಿ ಮಾತ್ರ ಅದು ‘ಗಿ’ಗಿಂತ ಮೊದಲು. ಇದೇ ಲೆಕ್ಕದಲ್ಲಿ ಹುಡುಗ ‘ಜೇವಗಿರ’ ಎಂದರೆ ಆಶ್ಚರ್ಯ ಪಡಬೇಡಿ.

ಗುಣಿತಾಕ್ಷರ, ಒತ್ತಕ್ಷರಗಳ ಬುನಾದಿ ಬೀಳುವ ಹೊತ್ತಿಗೇ, 2ನೇ ತರಗತಿಯಲ್ಲಿ, ಎಂಟು ತಿಂಗಳು ತಪ್ಪಿದೆ. 3ನೇ ತರಗತಿಯಿಂದ ಪುಸ್ತಕ ಇವೆಲ್ಲ ಬರುತ್ತವೆಂದೇ ಹಿಡಿದು ಮುಂದೆ ಹೋಗುತ್ತದೆ. ನಿಮ್ಮ ಮಗನ ದಡ್ಡತನ ಎಂದು ನೀವೆಲ್ಲ ಹೆದರುತ್ತಿರುವುದು ಬಹುಮಟ್ಟಿಗೆ ಆ ಎಂಟು ತಿಂಗಳ ಗುಂಡಿ.

ಅದನ್ನು ವರ್ಣಮಾಲೆ ಬರೆಸಿ ತುಂಬಲು ಆಗುವುದಿಲ್ಲ. ಕನ್ನಡದ 49 ಅಕ್ಷರಗಳು ಅವನಿಗೆ ಬರುತ್ತವೆ. ಮಗು ಪುಸ್ತಕದಲ್ಲಿ ಎದುರಿಸುವುದು ಬರೀ 49 ಅಲ್ಲ: 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ 442 ಗುಣಿತಾಕ್ಷರ, ಅದರ ಮೇಲೆ ಒತ್ತುಗಳು. ಇನ್ನು ಹತ್ತು ಸಲ ಬರೆಯುವುದನ್ನು ಪಕ್ಕದಲ್ಲಿ ಕೂತು ನೋಡಿ. ಮಕ್ಕಳು ಸಾಲಾಗಿ ಬರೆಯುವುದಿಲ್ಲ. ಹಾಳೆಯ ಮೇಲಿನಿಂದ ಕೆಳಗಿನ ತನಕ ಹತ್ತು ‘ಕ’, ಪಕ್ಕದ ಕಂಬದಲ್ಲಿ ಹತ್ತು ‘ಕಾ’, ಹೀಗೆ ಇಳಿಸುತ್ತ ಹೋಗುತ್ತಾರೆ. ಕೈ ಓಡುತ್ತದೆ, ಬಾಯಿ ಮುಚ್ಚಿರುತ್ತದೆ, ಅಕ್ಷರಕ್ಕೂ ಸದ್ದಿಗೂ ಗಂಟು ಬೀಳುವುದೇ ಇಲ್ಲ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಹೇಳುವ ಹುಡುಗನಿಗೆ ನಡುವಿನಿಂದ ಒಂದು ‘ಕೊ’ ತೋರಿಸಿ. ಎಷ್ಟೋ ಮಕ್ಕಳು ಮನಸ್ಸಿನಲ್ಲಿ ಮತ್ತೆ ‘ಕ’ದಿಂದ ಶುರು ಮಾಡಿ ಅಲ್ಲಿಗೆ ಬರುತ್ತಾರೆ. ಅವರಿಗೆ ಬಂದಿರುವುದು ಹಾಡು.

ಮೊದಲ ಭಾನುವಾರ: ನಾಲ್ಕು ಚೀಟಿ

ಕಲಿಸುವ ಮೊದಲು ಎಲ್ಲಿ ಸಿಕ್ಕಿಬಿದ್ದಿದ್ದಾನೆ ಎಂದು ನೋಡಿ. ಹದಿನೈದು ನಿಮಿಷದ ಕೆಲಸ. ಪಠ್ಯಪುಸ್ತಕದ ಪಾಠ ಮಾತ್ರ ಓದಿಸಬೇಡಿ. ಅರ್ಧ ಪಾಠ ಅವನಿಗೆ ಬಾಯಿಪಾಠ ಆಗಿರುತ್ತದೆ, ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದು ಸಾಲಿನಲ್ಲಿ. ಚಿತ್ರವಿಲ್ಲದ ಚೀಟಿಗಳಲ್ಲಿ ನೀವೇ ದುಂಡಗೆ ಬರೆಯಿರಿ.

ಮೊದಲ ಚೀಟಿ, ಬರೀ ಅಕ್ಷರ: ಮರ, ಕಸ, ಅರಸ, ನಗರ, ಬಳಪ, ಹವಳ, ಸರಳ, ಪದಕ.

ಎರಡನೆಯದು, ಗುಣಿತ: ಜೋಳ, ಬೇಳೆ, ತೊಗರಿ, ಕೂಲಿ, ಸೀರೆ, ಮೊಸರು, ಗೋಣಿ, ಗೌಡ.

ಮೂರನೆಯದು, ಅದೇ ಅಕ್ಷರಕ್ಕೆ ಅದೇ ಒತ್ತು: ಅಕ್ಕಿ, ರೊಟ್ಟಿ, ಎತ್ತು, ಬೆಲ್ಲ, ಎಣ್ಣೆ, ಕಬ್ಬು, ಹಳ್ಳಿ, ಅಮ್ಮ.

ನಾಲ್ಕನೆಯದು, ಬೇರೆ ಒತ್ತು ಮತ್ತು ಅರ್ಕಾವೊತ್ತು: ಪುಸ್ತಕ, ಚಕ್ರ, ಕಲ್ಯಾಣ, ರಾತ್ರಿ, ಅಗ್ನಿ, ಸೂರ್ಯ, ವರ್ಷ, ಜೇವರ್ಗಿ.

ಎಂಟರಲ್ಲಿ ಏಳು ಸರಿಯಾಗಿ, ಒಂದೊಂದಕ್ಕೆ ಮೂರು ಎಣಿಸುವಷ್ಟರಲ್ಲಿ ಓದಿದರೆ ಆ ಚೀಟಿ ಪಾಸು. ಮೂರಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಉತ್ತರ ಸರಿಯಿದ್ದರೂ ಅರ್ಧ ಕಲಿತಿದ್ದಾನೆ ಎಂದು ತಿಳಿಯಿರಿ. ಪದಕ್ಕೆ ಇಷ್ಟು ಹೊತ್ತು ತೆಗೆದುಕೊಳ್ಳುವವನು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಪದ ಮರೆತಿರುತ್ತಾನೆ. ಇದು ನಾನು ಬಳಸುವ ಅಳತೆ, ಸರ್ಕಾರದ್ದಲ್ಲ. ಎಲ್ಲಿ ಬಿದ್ದನೋ ಅಲ್ಲಿಂದ ಶುರು. ಅವನು ಹೇಳಿದ್ದನ್ನು ಹೇಳಿದ ಹಾಗೇ ಚೀಟಿಯ ಹಿಂದೆ ಬರೆದು, ತಾರೀಖು ಹಾಕಿ ಎತ್ತಿಡಿ. ನಿಮ್ಮ ಪತ್ರ ನೋಡಿದರೆ ಮೊದಲನೆಯದು ಪಾಸಾಗಿ, ಎರಡನೆಯದರಲ್ಲಿ ಒಂದೆರಡು ತಪ್ಪಿ, ಮೂರನೆಯದರಲ್ಲಿ ನಿಲ್ಲಬಹುದು ಎಂದು ನನ್ನ ಅಂದಾಜು.

ಎರಡನೆಯ ಚೀಟಿಯಲ್ಲಿ ಹ್ರಸ್ವ-ದೀರ್ಘ ತಪ್ಪಿದರೆ ‘ಬೆಳೆ–ಬೇಳೆ’, ‘ಕೊಡು–ಕೋಡು’ ಇಂಥ ಜೋಡಿ ಸಾಕು. ಹೊಲದಲ್ಲಿರುವುದು ತೊಗರಿ ಬೆಳೆ, ಸಾರಿಗೆ ಹಾಕುವುದು ತೊಗರಿ ಬೇಳೆ. ತೊಗರಿ ಸೀಮೆಯ ಮಗುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಉರ್ದು ಅಥವಾ ಮರಾಠಿ ಮನೆಮಾತಿನವರಿಗೆ ಒಂದು ಮಾತು: ಆ ಭಾಷೆಗಳಲ್ಲಿ ಎ–ಏ, ಒ–ಓ ಭೇದ ಅರ್ಥ ಬದಲಿಸುವುದಿಲ್ಲ, ಹಾಗಾಗಿ ನಿಮ್ಮ ಮಕ್ಕಳ ಕಿವಿಗೆ ಈ ಜೋಡಿಗಳು ಮೊದಮೊದಲು ಒಂದೇ ಥರ ಕೇಳಿಸುತ್ತವೆ. ಬರೆಸುವ ಮೊದಲು ಕಿವಿಯಲ್ಲಿ ಬೇರ್ಪಡಿಸಿ. ಅದೇ ಮಕ್ಕಳು ಕ–ಖ, ದ–ಧ ವ್ಯತ್ಯಾಸವನ್ನು ಕನ್ನಡ ಮನೆಮಾತಿನ ಮಕ್ಕಳಿಗಿಂತ ಚೆನ್ನಾಗಿ ಹಿಡಿಯುತ್ತಾರೆ, ಅವರ ಮನೆಯಲ್ಲಿ ಮಹಾಪ್ರಾಣ ನಿಜವಾಗಿಯೂ ಬಾಯಲ್ಲಿರುತ್ತದೆ.

ಒತ್ತು ಬಿಡಿಸುವುದು

ದಿನಕ್ಕೆ 20 ನಿಮಿಷ, ವಾರಕ್ಕೆ ಐದು ದಿನ. ಇನ್ನೂ ಉತ್ಸಾಹವಿದ್ದರೂ 20ಕ್ಕೇ ನಿಲ್ಲಿಸಿ. ಒಂದು ತಾಸು ಕೂರಿಸಿದರೆ ಮೂರನೇ ದಿನಕ್ಕೆ ತಾಯಿ-ಮಗನ ಜಗಳವಾಗಿ ಕೆಲಸ ನಿಲ್ಲುತ್ತದೆ. ಮನೆಪಾಠದ ದೊಡ್ಡ ಅಪಾಯ ಅದೇ.

ಮೊದಲ ಐದು ನಿಮಿಷ ಪುಸ್ತಕ ಮುಟ್ಟಬೇಡಿ. ಕಿವಿ ಮತ್ತು ಚಪ್ಪಾಳೆ ಅಷ್ಟೇ. ‘ಅಕ್ಕಿ’ ಎಂದು ನೀವು ನಿಧಾನವಾಗಿ ಹೇಳಿ: ಅಕ್, ಕಿ. ಎರಡು ಚಪ್ಪಾಳೆ. ರೊಟ್, ಟಿ. ಎತ್, ತು. ಒತ್ತು ಬರುವಲ್ಲಿ ನಾಲಿಗೆ ಒಂದು ಕ್ಷಣ ನಿಂತು ಹೋಗುತ್ತದೆ ಎಂಬುದು ಅವನಿಗೆ ಬಾಯಲ್ಲೇ ಗೊತ್ತಾಗಬೇಕು.

ಆಮೇಲಿನ ಹತ್ತು ನಿಮಿಷ ಪಾಟಿ, ಎರಡು ಬಣ್ಣದ ಸೀಮೆಸುಣ್ಣ. ಒಂದು ಬಣ್ಣದಲ್ಲಿ ‘ಅಕ್’, ಇನ್ನೊಂದರಲ್ಲಿ ‘ಕಿ’ ಎಂದು ಬಿಡಿಸಿ ಬರೆಯಿರಿ. ಕೂಡಿಸಿ ಓದಿಸಿ. ನಂತರ ಅದರ ಕೆಳಗೆ ‘ಅಕ್ಕಿ’ ಎಂದು ಕೂಡಿಸಿ ಬರೆಯುತ್ತ ಹೇಳಿಕೊಡಿ: ಮೇಲಿನದು ಅರ್ಧ, ಕೆಳಗಿನದು ಪೂರ್ತಿ, ಗುಡಿಸು ಕೆಳಗಿನದಕ್ಕೆ. ಪ್ರತಿ ಪದಕ್ಕೂ ಈ ಮೂರು ಮಾತನ್ನು ಅವನೇ ಬೆರಳಿಟ್ಟು ಹೇಳಬೇಕು. ಮೂರ್ನಾಲ್ಕು ದಿನದಲ್ಲಿ ‘ಅಕಿಕ’ ಬಾಯಿಂದ ಬರುವ ಮೊದಲೇ ತಡೆದುಕೊಳ್ಳಲು ಶುರು ಮಾಡುತ್ತಾನೆ. ಆ ತಡೆಯನ್ನು ತಡವರಿಕೆ ಎಂದು ಬೈಯಬೇಡಿ, ಅವನು ಕ್ರಮ ತಿರುಗಿಸಿಕೊಳ್ಳುವ ಹೊತ್ತು ಅದು.

ಬಂತು ಎನ್ನಿಸಿದಾಗ ಒತ್ತು ಇರುವ, ಇಲ್ಲದ ಜೋಡಿ ಕೊಡಿ: ಹಳಿ–ಹಳ್ಳಿ, ಬಳಿ–ಬಳ್ಳಿ, ಅಡಿ–ಅಡ್ಡಿ, ಕತೆ–ಕತ್ತೆ. ‘ಮುತ್ಯಾ ಒಂದು ಕತ್ತೆ ಹೇಳಿದ’ ಎಂದು ಬರೆದುಕೊಟ್ಟರೆ ತಾನೇ ನಕ್ಕು ತಪ್ಪು ಹಿಡಿಯುತ್ತಾನೆ. ನಕ್ಕನೆಂದರೆ ಅರ್ಥ ಹಿಡಿದು ಓದಿದ್ದಾನೆ.

ಯಾವ ಒತ್ತು ಮೊದಲು ಎಂಬುದೂ ಮುಖ್ಯ. ಹೆಚ್ಚಿನ ಒತ್ತುಗಳು ಮೂಲ ಅಕ್ಷರದಂತೆಯೇ ಇರುತ್ತವೆ, ತಲಕಟ್ಟು ಮಾತ್ರ ಇರುವುದಿಲ್ಲ. ಕ್ಕ, ಟ್ಟ, ಡ್ಡ, ದ್ದ, ಪ್ಪ, ಬ್ಬ, ಳ್ಳ ಇವನ್ನು ಮೊದಲ ಎರಡು ವಾರ ಮಾಡಿ. ತ, ನ, ಮ, ಯ, ರ, ಲ ಈ ಆರರ ಒತ್ತಿಗೂ ಮೂಲ ಅಕ್ಷರಕ್ಕೂ ಮುಖದ ಹೋಲಿಕೆಯೇ ಇಲ್ಲ. ಮಕ್ಕಳು ಎಡವುವುದು ಇಲ್ಲೇ ಹೆಚ್ಚು. ಈ ಆರನ್ನು ಅಡುಗೆಮನೆಯ ಗೋಡೆಗೆ ಒಂದು ರಟ್ಟಿನಲ್ಲಿ ಬರೆದು ಹಚ್ಚಿ: ಎತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಇವಕ್ಕೆ ಎರಡು ವಾರ ಬೇಕು. ಐದನೇ ವಾರದಿಂದ ಪುಸ್ತಕ, ಅಗ್ನಿಯಂಥ ಬೆರಕೆ ಒತ್ತು. ಅರ್ಕಾವೊತ್ತು ಕಟ್ಟಕಡೆಗೆ. ಬೇಗ ಮುಗಿಸುವ ಆಸೆಯಿಂದ ರಕಾರದ ಒತ್ತನ್ನೂ ಅರ್ಕಾವೊತ್ತನ್ನೂ ಒಂದೇ ದಿನ ಕಲಿಸಿದರೆ ಎರಡೂ ಕಲಸಿಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು, ಆಮೇಲೆ ಎರಡನ್ನೂ ಎದುರುಬದುರು ಇಡಿ: ಕ್ರಮ, ಕರ್ಮ. ಅದೇ ಕ, ಅದೇ ರ, ಅದೇ ಮ. ರಕಾರ ಕೂತ ಜಾಗ ಬೇರೆ, ಪದವೇ ಬೇರೆ.

ಹೊಸ ಪದ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬಸ್ ಬೋರ್ಡುಗಳೇ ಒಳ್ಳೆಯ ಪಾಠ. ಸುರಪುರ, ಶಹಾಪುರ, ಕಲಬುರಗಿ, ಬೀದರ: ಒತ್ತಿಲ್ಲ. ಚಿತ್ತಾಪುರ, ಚಿಟಗುಪ್ಪ: ಅದೇ ಅಕ್ಷರದ ಒತ್ತು. ಭಾಲ್ಕಿ, ಬಸವಕಲ್ಯಾಣ: ಬೇರೆ ಒತ್ತು. ಜೇವರ್ಗಿ: ಅರ್ಕಾವೊತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇವನ್ನು ಬರೆದು ಕತ್ತರಿಸಿ ಕೊಟ್ಟು, ಗುಂಪು ಮಾಡಲು ಹೇಳಿ. ಪುಣೆಯ ತನಕ ಬಸ್ಸಿನಲ್ಲಿ ಹೋಗಿ ಬಂದ ಹುಡುಗನಿಗೆ ಊರಿನ ಹೆಸರು ಓದುವುದು ಪಾಠ ಎನಿಸುವುದಿಲ್ಲ.

ಕೊನೆಯ ಐದು ನಿಮಿಷ ಪುಸ್ತಕ, ಆದರೆ ಅವನ ಮಟ್ಟದ್ದು. 50 ಪದದ ಒಂದು ತುಂಡಿನಲ್ಲಿ ಐದಕ್ಕಿಂತ ಹೆಚ್ಚು ತಪ್ಪಾದರೆ ಆ ಪುಸ್ತಕ ಸದ್ಯಕ್ಕೆ ಭಾರ. 2ನೇ ಅಥವಾ 3ನೇ ತರಗತಿಯದಕ್ಕೆ ಇಳಿಯಿರಿ. 5ನೇ ತರಗತಿಯ ಹುಡುಗನ ಕೈಗೆ 2ನೇ ತರಗತಿಯ ಪುಸ್ತಕ ಕೊಟ್ಟರೆ ನಾಚಿಕೆಯಾಗುತ್ತದೆ, ಅದಕ್ಕೆ ಹೊದಿಕೆ ಹಾಕಿ. ಇನ್ನೂ ಒಳ್ಳೆಯದು, ‘ತಂಗಿಗೆ ಓದಿ ಹೇಳು’ ಎಂದು ಒಪ್ಪಿಸಿ. ಸ್ಮಾರ್ಟ್‌ಫೋನ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಮಟ್ಟಕ್ಕೆ ತಕ್ಕಂತೆ ಬಿಡಿಯಾಗಿ, ಉಚಿತವಾಗಿ ಸಿಗುತ್ತವೆ. ಮೊದಲ ಎರಡು ಮಟ್ಟದವು ನಿಮಗೆ ಸರಿಹೊಂದುತ್ತವೆ.

ಓದುವಾಗ ತಡೆದರೆ ಮನಸ್ಸಿನಲ್ಲಿ ಐದು ಎಣಿಸಿ. ಬರದಿದ್ದರೆ ಪದ ಹೇಳಿಬಿಡಿ, ಮುಂದೆ ಹೋಗಲಿ. ‘ಚಿತ್ರ ನೋಡಿ ಹೇಳು’ ಎನ್ನಬೇಡಿ, ಊಹಿಸುವ ಚಟ ಒತ್ತಕ್ಷರಕ್ಕಿಂತ ಕಷ್ಟದ ರೋಗ. ಹೊಡೆಯುವುದರ ತೊಂದರೆಯೂ ಇದೇ. ಹೊಡೆತದ ಭಯವಿದ್ದಾಗ ಮಗು ಕ್ರಮ ತಿರುಗಿಸಿಕೊಳ್ಳಲು ನಿಲ್ಲುವುದಿಲ್ಲ, ಬಾಯಿಗೆ ಬಂದದ್ದನ್ನು ಹೇಳಿ ಆ ಗಳಿಗೆ ದಾಟಿಸುತ್ತದೆ. ಅವರಪ್ಪನಿಗೆ ನಾಲ್ಕು ಚೀಟಿ ತೋರಿಸಿ, ಮೊದಲನೆಯದನ್ನು ಅವರ ಮುಂದೆ ಓದಿಸಿ. ಏನೂ ಬರುವುದಿಲ್ಲ ಎಂಬ ಸಿಟ್ಟಿಗಿಂತ ಇಲ್ಲಿಯ ತನಕ ಬರುತ್ತದೆ ಎಂಬ ಲೆಕ್ಕ ಅವರಿಗೂ ಸಮಾಧಾನ ಕೊಡುತ್ತದೆ.

‘ನಾನು ಹೋದನು’: ಇದು ವ್ಯಾಕರಣವೋ, ಎತ್ವವೋ?

ವ್ಯಾಕರಣ ಬಾರದ ಹುಡುಗ ಎನ್ನುವ ಮೊದಲು ಅವನ ಮಾತು ಕೇಳಿ. ನಾ ಬಂದೀನಿ, ಅಂವ ಬಂದಾನ, ಆಕಿ ಬಂದಾಳ, ಅವರು ಬಂದಾರ, ಅದು ಬಂದದ. ಆಟದ ಜಗಳದಲ್ಲೂ ಅವನು ‘ನಾ ಬಂದಾನ’ ಎನ್ನುವುದಿಲ್ಲ. ಕರ್ತೃವಿಗೆ ತಕ್ಕ ಕ್ರಿಯಾಪದ ಅವನ ನಾಲಿಗೆಯ ಮೇಲೆ ಗಟ್ಟಿಯಾಗಿ ಕೂತಿದೆ. ಪುಸ್ತಕದ ರೂಪ ಮಾತ್ರ ಹೊಸದು.

ಹಾಗಾದರೆ ‘ಹೋದನು’ ಯಾಕೆ? ಸರಿಯಾದದ್ದು ‘ನಾನು ಹೋದೆನು’. ಎರಡಕ್ಕೂ ಇರುವ ಅಂತರ ‘ದ’ದ ಮೇಲಿನ ಒಂದು ಎತ್ವ. ಅವನಿಂದ ‘ನಾನು ಹೋದೆನು, ಅವನು ಹೋದನು’ ಎಂದು ಬಾಯಲ್ಲಿ ಹೇಳಿಸಿ, ಆಮೇಲೆ ಉಕ್ತಲೇಖನ ಕೊಡಿ. ಹೇಳುವಾಗ ಸರಿಯಿದ್ದು ಬರೆಯುವಾಗ ಎತ್ವ ಬಿಟ್ಟರೆ ಅದು ಗುಣಿತದ ತಪ್ಪು. ವ್ಯಾಕರಣದ ತಾಸಿನಲ್ಲಿ ಹುಡುಕಿದರೆ ಎಂದೂ ಸಿಗುವುದಿಲ್ಲ. ಬಾಯಲ್ಲೂ ತಪ್ಪಿದರೆ ‘ನಾನು’ವಿನ ಕೊನೆಯ ‘ನು’ಗೆ ಪ್ರಾಸ ಕೂಡಿಸುತ್ತಿದ್ದಾನೆ, ಪುಸ್ತಕದ ಭೂತಕಾಲದ ರೂಪಗಳು ಕಿವಿಗೆ ಇನ್ನೂ ಬಿದ್ದಿಲ್ಲ. ಆಗ ‘ನಾನು ಹೋದೆ’ ಎಂಬ ಗಿಡ್ಡ ರೂಪವನ್ನೇ ಬಳಸಲು ಹೇಳಿ. ಅದೂ ಸರಿಯಾದ ಬರಹವೇ, ಗೊಂದಲವೂ ಇಲ್ಲ.

ಮಡಚಿದ ಅದೇ ನೋಟ್‌ಬುಕ್ಕಿನಲ್ಲಿ ಒಂದು ಕ್ರಿಯಾಪದವನ್ನು ಐದು ಜನರಿಗೆ ಹೊಂದಿಸಿ ಎರಡೂ ಕಡೆ ಬರೆಸಿ. ಬಂದಾನ–ಬಂದಿದ್ದಾನೆ, ಬಂದಾಳ–ಬಂದಿದ್ದಾಳೆ, ಬಂದಾರ–ಬಂದಿದ್ದಾರೆ. ತುದಿಯ ನ, ಳ, ರ ಎರಡೂ ಕಡೆ ಒಂದೇ ಎಂದು ಬೆರಳಿಟ್ಟು ತೋರಿಸಿ. ತನಗೆ ಗೊತ್ತಿದ್ದ ವ್ಯಾಕರಣವೇ ಪುಸ್ತಕದಲ್ಲೂ ಇದೆ ಎಂದು ಕಂಡರೆ ಅರ್ಧ ಭಯ ಹೋಗುತ್ತದೆ.

ವಿಭಕ್ತಿಗೂ ಇದೇ ದಾರಿ. ‘ಪ್ರಥಮಾ ಉ, ದ್ವಿತೀಯಾ ಅನ್ನು’ ಎಂದು ಬಾಯಿಪಾಠ ಮಾಡಿಸುವುದನ್ನು ಸದ್ಯ ಬದಿಗಿಡಿ. ಆ ಹೆಸರುಗಳನ್ನು ಪರೀಕ್ಷೆಗೆ ಬೇಕಾದಾಗ ಎರಡು ದಿನದಲ್ಲಿ ಕಲಿಯಬಹುದು. ಪ್ರಶ್ನೆ ಕೇಳಿ, ಉತ್ತರ ಅವನು ಕೊಡಲಿ. ಏನನ್ನು ಹರಗಿದರು? ಹೊಲವನ್ನು. ಎಲ್ಲಿಂದ ಬಂದೆ? ಹೊಲದಿಂದ. ಎಲ್ಲಿಗೆ ಹೋಗ್ತಿ? ಹೊಲಕ್ಕೆ. ಎಲ್ಲಿ ಇದ್ದಿ? ‘ಹೊಲದಾಗ’ ಎನ್ನುತ್ತಾನೆ, ಬಲಗಡೆ ‘ಹೊಲದಲ್ಲಿ’ ಬರೆಯಲಿ. ಆಮೇಲೆ ಹೊಲ ತೆಗೆದು ಮನೆ, ಎತ್ತು ಇಟ್ಟು ನೋಡಿ: ಹೊಲಕ್ಕೆ, ಮನೆಗೆ, ಎತ್ತಿಗೆ. ಕ್ಕೆ, ಗೆ, ಇಗೆ ಯಾವಾಗ ಬರುತ್ತವೆ ಎಂದು ನಿಯಮ ಹೇಳದೆಯೇ ಸರಿಯಾದದ್ದನ್ನು ಆರಿಸುತ್ತಾನೆ. ಆರಿಸಿದ ಮೇಲೆ ‘ಮನೆಕ್ಕೆ ಅಂದ್ರ ಹೆಂಗ ಕೇಳಿಸ್ತದ?’ ಎಂದು ಕೇಳಿ. ಸಂಧಿ, ಸಮಾಸಕ್ಕೆ ಈಗ ಕೈ ಹಾಕುವುದೇ ಬೇಡ. ಒತ್ತಕ್ಷರ ಸಲೀಸಾಗಿ ಬಾರದವನಿಗೆ ಪದ ಬಿಡಿಸು ಎನ್ನುವುದು ಹಲ್ಲಿಲ್ಲದವನಿಗೆ ಕಬ್ಬು ಕೊಟ್ಟ ಹಾಗೆ.

ಡಿಸ್ಲೆಕ್ಸಿಯಾ ಇರಬಹುದೇ?

ಡಿಸ್ಲೆಕ್ಸಿಯಾ ಎಂದರೆ ಬುದ್ಧಿಗೆ ಕೊರತೆಯಿಲ್ಲದೆಯೂ ಓದು-ಬರಹ ಕಷ್ಟವಾಗುವ ಕಲಿಕಾ ನ್ಯೂನತೆ. ಇರಬಾರದು ಎಂದೇನಿಲ್ಲ, ಆದರೆ ನಿಮ್ಮ ಪತ್ರದಲ್ಲಿ ಅದಕ್ಕಿಂತ ಸರಳವಾದ ಕಾರಣ ಕಣ್ಣೆದುರೇ ಇದೆ. ಲೆಕ್ಕ ಚೆನ್ನಾಗಿದೆ ಎಂಬುದರಿಂದ ಡಿಸ್ಲೆಕ್ಸಿಯಾ ಇದೆ ಎಂದೂ ಹೇಳಲಾಗದು, ಇಲ್ಲ ಎಂದೂ ಹೇಳಲಾಗದು, ಆದರೆ ಬುದ್ಧಿಗೆ ಕೊರತೆಯಿಲ್ಲ ಎಂದಂತೂ ಖಚಿತ. ಡಿಸ್ಲೆಕ್ಸಿಯಾ ಇದ್ದವರಿಗೆ ಅಕ್ಷರ ತಿರುಗುಮುರುಗಾಗಿ ಕಾಣಿಸುತ್ತದೆ ಎಂಬುದು ಜನ ನಂಬಿಕೊಂಡ ಮಾತು. ಅವರ ಕಷ್ಟ ಮುಖ್ಯವಾಗಿ ಸದ್ದನ್ನು ಬಿಡಿಸುವುದರಲ್ಲಿ, ಸದ್ದನ್ನು ಅಕ್ಷರಕ್ಕೆ ಬೇಗ ಜೋಡಿಸುವುದರಲ್ಲಿ ಇರುತ್ತದೆ.

ಮೊದಲು ಕಣ್ಣು, ಕಿವಿ ತೋರಿಸಿ. ಕಿವಿ ಸೋರುವ ಮಗುವಿಗೆ ಒತ್ತಿನ ಸದ್ದು ಸ್ಪಷ್ಟವಾಗಿ ಕೇಳಿಸದಿರಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ತಪಾಸಣೆ ಮಾಡುತ್ತದೆ, ಯಾವಾಗ ಬರುತ್ತಾರೆ ಎಂದು ಮುಖ್ಯ ಗುರುಗಳನ್ನು ಕೇಳಿ. ಆಮೇಲೆ ಮೇಲೆ ಹೇಳಿದ ಕ್ರಮವನ್ನು ಹತ್ತು ವಾರ ಬಿಡದೆ ಮಾಡಿ, ಅವೇ ನಾಲ್ಕು ಚೀಟಿ ಮತ್ತೆ ಓದಿಸಿ. ಮೂರನೆಯದು ಪಾಸಾದರೆ ನೀವು ಸರಿದಾರಿಯಲ್ಲಿದ್ದೀರಿ. ಹತ್ತು ವಾರವಾದರೂ ನಿನ್ನೆ ಕಲಿತದ್ದು ಇವತ್ತು ಪೂರ್ತಿ ಅಳಿಸಿಹೋಗುತ್ತಿದ್ದರೆ, ಚಪ್ಪಾಳೆ ತಟ್ಟಿ ಪದ ಬಿಡಿಸುವುದೇ ಆಗದಿದ್ದರೆ, ಮನೆತನದಲ್ಲಿ ಬೇರೆಯವರಿಗೂ ಓದು ಹೀಗೇ ಕಷ್ಟವಾಗಿದ್ದರೆ ಇನ್ನು ಕಾಯಬೇಡಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣದ (ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಯ) ಸಂಪನ್ಮೂಲ ಶಿಕ್ಷಕರನ್ನು ಕಂಡು, ಅವರ ಮೂಲಕ ಜಿಲ್ಲಾ ಆಸ್ಪತ್ರೆಗೆ ಹೋಗಿ.

ಡಿಸ್ಲೆಕ್ಸಿಯಾವೂ ಸೇರಿದ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. 8 ವರ್ಷ ಅಥವಾ 3ನೇ ತರಗತಿಯಿಂದ ಅದರ ತಪಾಸಣೆ ಆಗುತ್ತದೆ. ಪ್ರಮಾಣಪತ್ರ ಇದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯದಂಥ ಸೌಲಭ್ಯ ಸಿಗುತ್ತದೆ. ಒಂದು ಎಚ್ಚರಿಕೆ: ಪರೀಕ್ಷೆ ಕನ್ನಡದಲ್ಲಿಯೂ ಆಗಬೇಕು. ಕನ್ನಡದಲ್ಲಿ ಕಲಿಯುವ ಮಗುವನ್ನು ಬರೀ ಇಂಗ್ಲಿಷ್ ಪದ ಓದಿಸಿ ಅಳೆದರೆ ಸಿಗುವುದು ಅವನಿಗೆ ಇಂಗ್ಲಿಷ್ ಎಷ್ಟು ಬರುವುದಿಲ್ಲ ಎಂಬ ಲೆಕ್ಕವಷ್ಟೇ. ಎರಡು ಚೀಟಿ ನೋಡಿ ನೆರೆಯವರು ಹಚ್ಚಿದ ಹೆಸರನ್ನು ಮಗುವಿನ ಮುಂದೆ ಆಡಬೇಡಿ.

ಶಾಲೆ ಬದಲಿಸುವುದು, ಟ್ಯೂಷನ್

ಇಂಗ್ಲಿಷ್ ಮೀಡಿಯಂ ಈಗ ಬೇಡ ಎಂದೇ ಹೇಳುತ್ತೇನೆ. ಕನ್ನಡದಲ್ಲಿ ಅಕ್ಷರ ಕಂಡಂತೆ ಸದ್ದು, ಕ್ರಮವೊಂದು ತಿಳಿದರೆ ಸಾಕು. ಇಂಗ್ಲಿಷಿನಲ್ಲಿ ಆ ಭರವಸೆಯೂ ಇಲ್ಲ, ಪದದ ಅರ್ಥವೂ ಗೊತ್ತಿರುವುದಿಲ್ಲ. ಈಗ ಒಂದು ವಿಷಯದಲ್ಲಿ ಹಿಂದಿರುವವನು ಆಗ ಲೆಕ್ಕದಲ್ಲೂ ಹಿಂದೆ ಬೀಳುತ್ತಾನೆ, ಲೆಕ್ಕದ ಪ್ರಶ್ನೆ ಓದಲು ಬಾರದೆ.

ಟ್ಯೂಷನ್ ಬಿಡಿಸಲೇಬೇಕು ಎಂದಲ್ಲ. ಸರ್ ಹತ್ತಿರ ಚೀಟಿ ಒಯ್ದು ಮರ್ಯಾದೆಯಿಂದ ಕೇಳಿ: ‘ಮೊದಲನೇದು ಬರ್ತದ್ರಿ ಸರ್, ಮೂರನೇದರಿಂದ ಹೇಳಿಕೊಡ್ರಿ, ಬರೆಸೋದು ಕಮ್ಮಿ ಮಾಡಿ ಓದಿಸ್ರಿ.’ ಒಪ್ಪದಿದ್ದರೆ ಆ ತಾಸು, ಆ ದುಡ್ಡು ಎರಡೂ ಉಳಿಸಿ. ತರಗತಿಯ ಶಿಕ್ಷಕರಿಗೂ ಅದೇ ಚೀಟಿ ತೋರಿಸಿ. ‘ನನ್ನ ಮಗನಿಗೆ ಕನ್ನಡ ಬರಲ್ಲ’ ಎಂದರೆ ಅವರು ಏನು ತಾನೇ ಮಾಡಿಯಾರು? ‘ತ, ನ, ಮ, ಯ, ರ, ಲ ಒತ್ತು ಗುರುತು ಹಿಡಿಯೋದಿಲ್ಲ’ ಎಂದರೆ ಕೆಲಸ ಎಲ್ಲಿದೆ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಮತ್ತೆ ಗುಳೆ ಹೋಗುವುದಿದ್ದರೆ ಎರಡು ಸಂಗತಿ. ವಲಸೆ ಹೋಗುವವರ ಮಕ್ಕಳಿಗಾಗಿ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶವಿದೆ, ನಿಮ್ಮ ತಾಲ್ಲೂಕಿನಲ್ಲಿ ನಡೆಯುತ್ತಿದೆಯೇ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಹೊರಡುವ ಮೊದಲೇ ಕೇಳಿ. ಕರೆದುಕೊಂಡೇ ಹೋಗುವುದಾದರೆ, ಟಿ.ಸಿ. (ವರ್ಗಾವಣೆ ಪತ್ರ) ತಡವಾಯಿತೆಂದು ಅಲ್ಲಿನ ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಆ ಮಾತಿದೆ. ಪುಣೆಯಲ್ಲಿ ಕನ್ನಡ ಶಾಲೆ ಹತ್ತಿರ ಸಿಗದೆ ಮರಾಠಿ ಶಾಲೆಗೆ ಹೋದರೂ ದಿನದ 20 ನಿಮಿಷ ಕನ್ನಡಕ್ಕೆ ಇರಲಿ. ಊರಿನ ಹೆಸರಿನ ಚೀಟಿಗಳು, ಮಡಚಿದ ನೋಟ್‌ಬುಕ್ಕು, ತಂಗಿಯ ಒಂದನೇ ತರಗತಿಯ ಪುಸ್ತಕ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿಯುತ್ತವೆ. ರೇಷನ್ ಕಾರ್ಡ್, ಆಧಾರ್ ಇಡುವ ಚೀಲದಲ್ಲೇ ಇಟ್ಟುಕೊಳ್ಳಿ, ಬಿಟ್ಟುಹೋಗುವುದಿಲ್ಲ.